ಸೋತ ಅಭ್ಯರ್ಥಿಗೆ ವಿಕಿಪೀಡಿಯದಲ್ಲಿ ಪುಟ: ಕರಾವಳಿಯಲ್ಲಿ ನಾವು ತೂಗಿ ನೋಡುವ ಬಗೆ

ನಾಮಪತ್ರ ಹಿಂತೆಗೆಯುವ ಗಡುವು ಮುಗಿದು ಚಿಹ್ನೆ ಹಂಚಿಕೆಯಾಗುವ ಹೊತ್ತಿಗೆ ಕನ್ನಡ ವಿಕಿಪೀಡಿಯದ ಹೊಸ ಪುಟಗಳ ಪಟ್ಟಿಯಲ್ಲಿ ಅಭ್ಯರ್ಥಿಗಳ ಹೆಸರು ಕಾಣತೊಡಗುತ್ತವೆ. ಮಂಗಳೂರು, ಉಡುಪಿಯಲ್ಲಿ ಕೂತು ಈ ಹೊಸ ಪುಟಗಳನ್ನು ಪರಿಶೀಲಿಸುವ ನಮಗೆ ಅವುಗಳಲ್ಲಿ ಕೆಲವು ಹೆಸರು ಗೊತ್ತಿರುವವೇ. ಸರ್ಕಲ್‌ನ ಫ್ಲೆಕ್ಸ್‌ನಲ್ಲಿ ಆ ಮುಖ ಕಂಡಿರುತ್ತದೆ, ಯಾವುದೋ ದೇವಸ್ಥಾನದ ಬ್ರಹ್ಮಕಲಶೋತ್ಸವದ ಆಮಂತ್ರಣದಲ್ಲಿ ಆ ಹೆಸರು ಓದಿರುತ್ತೇವೆ. ಈ ಪರಿಚಯವೇ ಮೊದಲ ತೊಡಕು. ಊರಿನಲ್ಲಿ ಗೊತ್ತಿರುವವರೆಲ್ಲ ವಿಶ್ವಕೋಶಕ್ಕೂ ಸಲ್ಲುತ್ತಾರೆ ಎಂದು ಮನಸ್ಸು ಸುಲಭವಾಗಿ ಒಪ್ಪಿಬಿಡುತ್ತದೆ. ಪುಟ ಉಳಿಸಬೇಕೋ ಅಳಿಸಬೇಕೋ ಎಂಬ ಚರ್ಚೆಯಲ್ಲಿ ಪುಟ ಬರೆದವರೂ ಅದನ್ನೇ ಹೇಳುತ್ತಾರೆ: "ಇವರನ್ನು ಇಲ್ಲಿ ಎಲ್ಲರಿಗೂ ಗೊತ್ತುಂಟು, ಬೇಕಾದರೆ ಬಂದು ಕೇಳಿ ನೋಡಿ." ಕೇಳಿ ತಿಳಿಯುವುದಕ್ಕೆ ವಿಶ್ವಕೋಶದಲ್ಲಿ ದಾರಿಯಿಲ್ಲ. ಬೇರೆ ಯಾರೋ, ಅಭ್ಯರ್ಥಿಯ ಹಂಗಿಲ್ಲದವರು, ಮೊದಲೇ ಬರೆದಿಟ್ಟದ್ದನ್ನು ಮಾತ್ರ ಅದು ಒಟ್ಟುಗೂಡಿಸುತ್ತದೆ. ಬರೆದದ್ದು ಇದೆಯೇ, ಎಷ್ಟಿದೆ, ಯಾರದ್ದು ಎಂದು ಹುಡುಕುವುದೇ ಈ ಕೆಲಸದ ಮುಕ್ಕಾಲು ಪಾಲು.

ನಿಯಮದ ಭಾಗ ಚಿಕ್ಕದು. ಸಂಸತ್ತಿನ ಎರಡು ಸದನಗಳ ಸದಸ್ಯರು, ಶಾಸಕರು, ವಿಧಾನ ಪರಿಷತ್ ಸದಸ್ಯರು ಇವರಿಗೆ ಪುಟ ಇರಬಹುದೇ ಎಂಬ ಪ್ರಶ್ನೆ ಏಳುವುದಿಲ್ಲ. ಗೆದ್ದು ಇನ್ನೂ ಪ್ರಮಾಣ ವಚನ ಸ್ವೀಕರಿಸದಿದ್ದರೂ ಸಾಕು. ಮೇಯರ್, ಜಿಲ್ಲಾ ಪಂಚಾಯತ್ ಅಧ್ಯಕ್ಷ, ಕಾರ್ಪೊರೇಟರ್, ನಿಗಮ ಮಂಡಳಿಯ ಅಧ್ಯಕ್ಷ, ಪಕ್ಷದ ಜಿಲ್ಲಾಧ್ಯಕ್ಷ ಮತ್ತು ಸ್ಪರ್ಧಿಸಿ ಸೋತವರು ಈ ಸಾಲಿಗೆ ಸೇರುವುದಿಲ್ಲ. ಹಾಗೆಂದು ಅವರಿಗೆ ಬಾಗಿಲು ಮುಚ್ಚಿಲ್ಲ. ಎಲ್ಲ ವಿಷಯಗಳಿಗೂ ಅನ್ವಯಿಸುವ ಸಾಮಾನ್ಯ ಗಮನಾರ್ಹತೆಯ ಅಳತೆಗೆ ಅವರು ನಿಲ್ಲಬೇಕು: ನಂಬಬಹುದಾದ, ವ್ಯಕ್ತಿಗೆ ಸಂಬಂಧವಿಲ್ಲದ, ಒಂದಕ್ಕಿಂತ ಹೆಚ್ಚು ಮೂಲಗಳಲ್ಲಿ ಅವರ ಬಗ್ಗೆ ವಿವರವಾದ ಬರಹ ಇರಬೇಕು. ಮಂಗಳೂರು ಮಹಾನಗರ ಪಾಲಿಕೆಯಾದದ್ದು 1980ರಲ್ಲಿ, ಮೇಯರ್ ಅವಧಿ ಒಂದೇ ವರ್ಷ. ಆ ಕುರ್ಚಿಯಲ್ಲಿ ಕೂತವರ ಪಟ್ಟಿ ಪಾಲಿಕೆಯ ಪುಟಕ್ಕೆ ಖಂಡಿತ ಬೇಕು. ಪ್ರತಿಯೊಬ್ಬರಿಗೂ ಬೇರೆ ಪುಟ ಬೇಕೇ ಎನ್ನುವುದು ಆ ಒಂದು ವರ್ಷದಲ್ಲಿ ಅವರು ಮಾಡಿದ್ದರ ಬಗ್ಗೆ ಯಾರು ಏನು ಬರೆದಿದ್ದಾರೆ ಎಂಬುದನ್ನು ಹೊಂದಿಕೊಂಡಿದೆ.

ಚರ್ಚೆಯಲ್ಲಿ ಮತ್ತೆ ಮತ್ತೆ ಬರುವ ಇನ್ನೊಂದು ವಾದ ಠೇವಣಿಯದ್ದು. "ಠೇವಣಿ ಉಳಿಸಿಕೊಂಡಿದ್ದಾರೆ, ಹಾಗಾಗಿ ಪ್ರಮುಖ ಅಭ್ಯರ್ಥಿ" ಎನ್ನುತ್ತಾರೆ. ವಿಧಾನಸಭೆಗೆ ಸಾಮಾನ್ಯ ಅಭ್ಯರ್ಥಿ ಇಡಬೇಕಾದ ಠೇವಣಿ 10,000 ರೂಪಾಯಿ, ಲೋಕಸಭೆಗೆ 25,000. ಪರಿಶಿಷ್ಟ ಜಾತಿ, ಪಂಗಡದವರಿಗೆ ಅದರರ್ಧ. ಸಿಂಧು ಮತಗಳ ಆರನೇ ಒಂದು ಭಾಗಕ್ಕಿಂತ ಹೆಚ್ಚು ಬಿದ್ದರೆ ಹಣ ವಾಪಸ್. ಇದು ಚುನಾವಣಾ ಕಾನೂನಿನ ಲೆಕ್ಕ. ಇದಕ್ಕೂ ಗಮನಾರ್ಹತೆಗೂ ಗಂಟು ಹಾಕುವಂತಿಲ್ಲ, ಠೇವಣಿ ಕಳೆದುಕೊಂಡವರ ವಿರುದ್ಧವೂ ಅದನ್ನು ಬಳಸುವಂತಿಲ್ಲ. ನಾಮಪತ್ರ ಅಂಗೀಕಾರವಾಯಿತು ಎನ್ನುವುದೂ ಹಾಗೆಯೇ. ಮಾನ್ಯತೆ ಪಡೆದ ಪಕ್ಷದ ಅಭ್ಯರ್ಥಿಗೆ ಒಬ್ಬ ಸೂಚಕ ಸಾಕು, ಪಕ್ಷೇತರರಿಗೆ 10 ಮಂದಿ ಬೇಕು. ಕಣಕ್ಕಿಳಿಯುವುದು ಇಷ್ಟು ಸುಲಭ ಇರುವುದು ಪ್ರಜಾಪ್ರಭುತ್ವಕ್ಕೆ ಒಳ್ಳೆಯದು. ಅಷ್ಟು ಸುಲಭ ಇರುವುದರಿಂದಲೇ ಸ್ಪರ್ಧೆಯೊಂದನ್ನೇ ಆಧಾರವಾಗಿ ಹಿಡಿಯಲಾಗದು.

ಪುಟ ಕೈಗೆ ಬಂದಾಗ ಮೊದಲು ನೋಡುವುದು ಇದು ಯಾರ ಪುಟ ಎಂದು. ನಮ್ಮ ಕಡೆ ಒಂದೇ ಹೆಸರಿನ ಶೆಟ್ಟಿ, ಪೂಜಾರಿ, ಆಚಾರ್ಯ, ಡಿಸೋಜ ಎಷ್ಟು ಮಂದಿಯೂ ಸಿಗುತ್ತಾರೆ. ಒಬ್ಬರ ಯಕ್ಷಗಾನ ಸಾಧನೆ, ಇನ್ನೊಬ್ಬರ ಸಹಕಾರಿ ಸಂಘದ ಅಧ್ಯಕ್ಷತೆ, ಮತ್ತೊಬ್ಬರ ಚುನಾವಣೆ ಮೂರೂ ಸೇರಿ ಒಂದೇ ಜೀವನಚರಿತ್ರೆಯಾದದ್ದುಂಟು. ಮನೆತನದ ಅಥವಾ ಊರಿನ ಹೆಸರು, ತಂದೆಯ ಹೆಸರು, ಕ್ಷೇತ್ರ, ವರ್ಷ ಈ ನಾಲ್ಕು ಹೊಂದಿದರೆ ಮಾತ್ರ ಇಬ್ಬರೂ ಒಬ್ಬರೇ ಎಂದು ಒಪ್ಪಬೇಕು. ಪ್ರಬಲ ಅಭ್ಯರ್ಥಿಯ ಹೆಸರಿನವರನ್ನೇ ಹುಡುಕಿ ಪಕ್ಷೇತರರಾಗಿ ನಿಲ್ಲಿಸುವ ಪರಿಪಾಠ ಇರುವುದರಿಂದ ಒಂದೇ ಕ್ಷೇತ್ರದ ಮತಪತ್ರದಲ್ಲೂ ಈ ಗೊಂದಲ ಇರಬಹುದು.

ಎರಡನೆಯದು ಕ್ಷೇತ್ರ ಮತ್ತು ಕಾಲ ಹೊಂದುತ್ತವೆಯೇ ಎಂದು. ಈಗ ದಕ್ಷಿಣ ಕನ್ನಡದಲ್ಲಿ 8, ಉಡುಪಿಯಲ್ಲಿ 5 ವಿಧಾನಸಭಾ ಕ್ಷೇತ್ರಗಳಿವೆ. 2008ರ ಮರುವಿಂಗಡಣೆಯಲ್ಲಿ ವಿಟ್ಲ, ಬ್ರಹ್ಮಾವರ ಕ್ಷೇತ್ರಗಳು ಇಲ್ಲವಾದವು, ಸುರತ್ಕಲ್ ಹೋಗಿ ಮಂಗಳೂರು ನಗರ ಉತ್ತರ ಬಂತು. ಲೋಕಸಭೆಯ ಮಂಗಳೂರು ಕ್ಷೇತ್ರ ದಕ್ಷಿಣ ಕನ್ನಡವಾಯಿತು, ಉಡುಪಿಗೆ ಚಿಕ್ಕಮಗಳೂರು ಜೊತೆಯಾಯಿತು. 2013ರಲ್ಲಿ ಬ್ರಹ್ಮಾವರದಿಂದ ಸ್ಪರ್ಧಿಸಿದರು ಎಂಬ ಸಾಲು ಕಂಡರೆ ಆ ಪುಟದ ಉಳಿದ ಸಾಲುಗಳನ್ನೂ ಅನುಮಾನದಿಂದಲೇ ಓದಬೇಕು. ಉಡುಪಿ ಜಿಲ್ಲೆ ಹುಟ್ಟಿದ್ದು 1997ರಲ್ಲಿ. ಅದಕ್ಕೂ ಮೊದಲು ಉಡುಪಿ ಜಿಲ್ಲಾ ಪಂಚಾಯತ್ ಸದಸ್ಯರಾಗಿದ್ದರು ಎಂದು ಬರೆದರೆ ಅದೂ ಅಸಾಧ್ಯ. 1952ರ ಚುನಾವಣೆಯ ದಕ್ಷಿಣ ಕನ್ನಡದ ಫಲಿತಾಂಶವನ್ನು ಮೈಸೂರು ರಾಜ್ಯದ ವರದಿಯಲ್ಲಿ ಹುಡುಕಿ, ಸಿಗಲಿಲ್ಲವೆಂದು ಅಭ್ಯರ್ಥಿಯನ್ನೇ ಸಂಶಯಿಸುವವರಿದ್ದಾರೆ. ಆಗ ಈ ಜಿಲ್ಲೆ ಮದ್ರಾಸ್ ರಾಜ್ಯದಲ್ಲಿತ್ತು, ಅಂಕಿ ಅಂಶವೂ ಅಲ್ಲಿನ ವರದಿಯಲ್ಲೇ ಇದೆ. ಗ್ರಾಮ ಪಂಚಾಯತ್‌ಗೆ ಇಂಥ ಪಕ್ಷದ ಟಿಕೆಟ್‌ನಲ್ಲಿ ಗೆದ್ದರು ಎಂಬುದು ಇನ್ನೊಂದು ಸಾಮಾನ್ಯ ತಪ್ಪು. ಕರ್ನಾಟಕದಲ್ಲಿ ಗ್ರಾಮ ಪಂಚಾಯತ್ ಚುನಾವಣೆ ಪಕ್ಷದ ಚಿಹ್ನೆಯ ಮೇಲೆ ನಡೆಯುವುದಿಲ್ಲ, 'ಬೆಂಬಲಿತ ಸದಸ್ಯ' ಎಂದಷ್ಟೇ ಹೇಳಬಹುದು.

ಆಮೇಲೆ ಉಲ್ಲೇಖಗಳ ಸರದಿ. ಪುಟದ ಕೆಳಗೆ ಹದಿನೈದು, ಇಪ್ಪತ್ತು ಉಲ್ಲೇಖಗಳ ಸಾಲು ಕಂಡರೆ ಹೊಸಬರು ಅಲ್ಲಿಗೇ ಒಪ್ಪಿಬಿಡುತ್ತಾರೆ. ಮೊರದಲ್ಲಿ ಕೇರಿದ ಹಾಗೆ ಒಂದೊಂದನ್ನೇ ಕೇರಬೇಕು. ಮೊದಲು ಹಾರಿಹೋಗುವವು ಸರಕಾರಿ ದಾಖಲೆಗಳು. ನಾಮಪತ್ರದ ಜೊತೆ ಕೊಡುವ ನಮೂನೆ 26ರ ಪ್ರಮಾಣಪತ್ರವನ್ನು ಅಭ್ಯರ್ಥಿಯೇ ತುಂಬಿ ಸಹಿ ಹಾಕಿರುತ್ತಾರೆ. ವಿದ್ಯಾರ್ಹತೆ, ಆಸ್ತಿ, ಪ್ರಕರಣಗಳ ವಿವರ ಅದರಲ್ಲಿ ಸಿಗುತ್ತದೆ, ಆದರೆ ಅದು ಅವರದೇ ಹೇಳಿಕೆ. ಗಮನಾರ್ಹತೆಗೆ ಅದರ ತೂಕ ಸೊನ್ನೆ. ಅದರಲ್ಲಿರುವ ಮನೆ ವಿಳಾಸ, ಫೋನ್ ನಂಬರ್‌ಗಳನ್ನು ಪುಟಕ್ಕೆ ತರಲೇಬಾರದು. ಕಂಡರೆ ಕೂಡಲೇ ತೆಗೆದು, ಹಳೆಯ ಆವೃತ್ತಿಯನ್ನೂ ಮರೆಮಾಡಲು ನಿರ್ವಾಹಕರಿಗೆ ಹೇಳಬೇಕು. ಪ್ರಮಾಣಪತ್ರ ಒಂದನ್ನೇ ಹಿಡಿದುಕೊಂಡು ಬದುಕಿರುವ ವ್ಯಕ್ತಿಯ ಮೇಲಿನ ಕೇಸುಗಳ ಪಟ್ಟಿ ಮಾಡುವುದೂ ಸಲ್ಲ. ಎದುರಾಳಿ ಪಕ್ಷದವರು ಪುಟಕ್ಕೆ ಕೈ ಹಾಕಿದರೆ ಶುರು ಮಾಡುವುದು ಇಲ್ಲಿಂದಲೇ. ಮತ್ತೊಂದು ಸೂಕ್ಷ್ಮ ಇದೆ. ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ ಪ್ರಕರಣಗಳಿರುವ ಅಭ್ಯರ್ಥಿ ಅವನ್ನು ಸಿ-1 ನಮೂನೆಯಲ್ಲಿ ಪತ್ರಿಕೆಗಳಲ್ಲಿ ಮೂರು ಬಾರಿ ಪ್ರಕಟಿಸಬೇಕು. ಪತ್ರಿಕೆಯ ಪುಟದಲ್ಲಿ ಬಂದದ್ದರಿಂದ ಅದನ್ನು ಪತ್ರಿಕೆಯ ವರದಿ ಎಂದು ಉಲ್ಲೇಖಿಸುತ್ತಾರೆ. ಅದು ಅಭ್ಯರ್ಥಿ ಕೊಟ್ಟ ಜಾಹೀರಾತು.

ಇನ್ನು ಪತ್ರಿಕೆಯ ತುಣುಕುಗಳು. ನಾವು ತುಣುಕನ್ನು ಕೊನೆಯ ಸಾಲಿನಿಂದ ಓದುತ್ತೇವೆ. "ಎಂದು ಪ್ರಕಟಣೆಯಲ್ಲಿ ತಿಳಿಸಲಾಗಿದೆ" ಎಂದು ಮುಗಿದರೆ ಅದು ಪತ್ರಿಕಾ ಕಚೇರಿಗೆ ಬಂದ ಪ್ರಕಟಣೆ. "ಮೊದಲಾದವರು ಉಪಸ್ಥಿತರಿದ್ದರು" ಎಂದು ಹೆಸರುಗಳ ಸಾಲಿನಲ್ಲಿ ಮುಗಿದರೆ ಪತ್ರಿಕಾಗೋಷ್ಠಿ ಅಥವಾ ಸಭೆಯ ವರದಿ. ಹಾಗೆ ಮುಗಿಯದ ವರದಿಯ ಪಠ್ಯವನ್ನು ಬೇರೆ ಕಡೆ ಅಂಟಿಸಿಕೊಂಡು, 'ಎಂದರು', 'ಎಂದು ಹೇಳಿದರು', 'ಭರವಸೆ ನೀಡಿದರು' ಎಂದು ಮುಗಿಯುವ ವಾಕ್ಯಗಳನ್ನೆಲ್ಲ ಹೊಡೆದುಹಾಕುತ್ತೇವೆ. ಉಳಿಯುವುದು ಪತ್ರಕರ್ತರು ತಾವಾಗಿ ವಿಚಾರಿಸಿ ಬರೆದದ್ದು. ಅದು ಅಭ್ಯರ್ಥಿಯ ಬಗ್ಗೆಯೇ ಇದ್ದು, ಒಂದು ಪ್ಯಾರಾದಷ್ಟಾದರೂ ಬಂದರೆ ಆ ತುಣುಕು ಲೆಕ್ಕಕ್ಕೆ ಸೇರುತ್ತದೆ. ಅರ್ಧ ಪುಟದ ವರದಿಯಲ್ಲಿ ಹೀಗೆ ಹೊಡೆದ ಮೇಲೆ ಹೆಸರು, ವಯಸ್ಸು, ಊರು ಮಾತ್ರ ಉಳಿಯುವುದು ಅಪರೂಪವೇನಲ್ಲ. ಪ್ರಶ್ನೋತ್ತರ ರೂಪದ ಸಂದರ್ಶನದಲ್ಲಿ ಪ್ರಶ್ನೆಯ ಮೇಲಿನ ಪೀಠಿಕೆ ಬಿಟ್ಟರೆ ಉಳಿದದ್ದು ಅವರದೇ ಮಾತು.

ಚುನಾವಣೆ ಸಮಯದ 'ಕ್ಷೇತ್ರ ಸಮೀಕ್ಷೆ'ಗಳಲ್ಲಿ ಸಣ್ಣ ಅಭ್ಯರ್ಥಿಗೆ ಸಿಗುವುದು ಕೊನೆಯ ಪ್ಯಾರಾದಲ್ಲಿ 'ಕಣದಲ್ಲಿರುವ ಇತರರು' ಎಂಬ ಒಂದು ಸಾಲು. 'ಅಭ್ಯರ್ಥಿ ಪರಿಚಯ' ಚೌಕಟ್ಟುಗಳು ಎಲ್ಲರಿಗೂ ಒಂದೇ ಅಚ್ಚಿನವು, ಪ್ರಮಾಣಪತ್ರದಿಂದಲೇ ತುಂಬಿಸಿದವು. ಒಂದೇ ವರದಿ ಪದಶಃ ಮೂರು ಪತ್ರಿಕೆಗಳಲ್ಲಿ ಬಂದಿದ್ದರೆ ಮೂಲ ಒಂದೇ. ಹಾಗಾಗಿ ಎರಡು ಪತ್ರಿಕೆಯ ತುಣುಕುಗಳನ್ನು ಪಕ್ಕಪಕ್ಕ ಇಟ್ಟು ಎರಡನೇ ಪ್ಯಾರಾ ಹೋಲಿಸುವುದು ಒಳ್ಳೆಯದು. ಶೀರ್ಷಿಕೆ ಮತ್ತು ಮೊದಲ ವಾಕ್ಯವನ್ನು ಡೆಸ್ಕ್‌ನವರು ಬದಲಿಸಿರುತ್ತಾರೆ, ಎರಡನೇ ಪ್ಯಾರಾದಿಂದ ಹಾಗೆಯೇ ಬಿಟ್ಟಿರುತ್ತಾರೆ. ಹುಟ್ಟುಹಬ್ಬದ ಶುಭಾಶಯ, ಪುರವಣಿಯ ಪ್ರಾಯೋಜಿತ ಲೇಖನ, ತಾವೇ ಪದಾಧಿಕಾರಿಯಾಗಿರುವ ಸಂಘದ ಸ್ಮರಣ ಸಂಚಿಕೆ ಇವು ಯಾವುದೂ ಸ್ವತಂತ್ರ ಮೂಲಗಳಲ್ಲ. ಕಾಸಿಗೆ ಸುದ್ದಿ ಎಂಬ ಪಿಡುಗು ಎಷ್ಟು ದೊಡ್ಡದೆಂದರೆ ಅದರ ಮೇಲೆ ಕಣ್ಣಿಡಲೆಂದೇ ಚುನಾವಣಾ ಆಯೋಗ ಜಿಲ್ಲೆಗೊಂದು ಮಾಧ್ಯಮ ಪ್ರಮಾಣೀಕರಣ ಮತ್ತು ಕಣ್ಗಾವಲು ಸಮಿತಿ ಇಟ್ಟಿದೆ. ಮತದಾನಕ್ಕೆ ವಾರ ಇರುವಾಗ ಬಂದ, ಬರೆದವರ ಹೆಸರಿಲ್ಲದ, ಬರೀ ಹೊಗಳಿಕೆಯ ಲೇಖನಕ್ಕೆ ನಾವು ತೂಕ ಕೊಡುವುದಿಲ್ಲ.

ಸಾಧನೆಗಳ ಪಟ್ಟಿ ಕರಾವಳಿಯಲ್ಲಿ ಉದ್ದವೇ ಇರುತ್ತದೆ. ಕಂಬಳ ಸಮಿತಿಯ ಗೌರವಾಧ್ಯಕ್ಷ, ಭಜನಾ ಮಂದಿರದ ಜೀರ್ಣೋದ್ಧಾರ ಸಮಿತಿ, ಹಾಲು ಸೊಸೈಟಿಯ ನಿರ್ದೇಶಕ, ಜಾತಿ ಸಂಘದ ಕಾರ್ಯದರ್ಶಿ. ಇವೆಲ್ಲ ಊರಿಗೆ ನಿಜವಾದ ಸೇವೆ, ಇವರಿಲ್ಲದಿದ್ದರೆ ಊರಿನ ಕೆಲಸ ಮುಂದಕ್ಕೆ ಹೋಗುವುದಿಲ್ಲ. ಚರ್ಚೆಯಲ್ಲಿ ಅದನ್ನು ಹಗುರಾಗಿ ಮಾತಾಡಿದರೆ ನಾವು ತಡೆಯುತ್ತೇವೆ. ಆದರೂ ಪುಟಕ್ಕೆ ಅವು ಆಧಾರವಾಗವು. ಗೌರವ ಡಾಕ್ಟರೇಟ್ ಎಂದಿದ್ದರೆ ಕೊಟ್ಟ ಸಂಸ್ಥೆ ಯಾವುದೆಂದು ನೋಡಿ, ಯುಜಿಸಿ ಪ್ರಕಟಿಸುವ ನಕಲಿ ವಿಶ್ವವಿದ್ಯಾಲಯಗಳ ಪಟ್ಟಿಯೊಡನೆ ತಾಳೆ ಹಾಕುವುದು ಕಡ್ಡಾಯ.

ಇಷ್ಟು ಕೇರಿದ ಮೇಲೆ 'ಏನೂ ಉಳಿಯಲಿಲ್ಲ' ಎಂದು ಬರೆಯಲು ಕೈ ತುರಿಸುತ್ತದೆ. ಇಲ್ಲಿ ಅವಸರ ಮಾಡಬಾರದು. ಪುಟದಲ್ಲಿ ಕೊಟ್ಟ ಉಲ್ಲೇಖ ಸಾಲದು ಎಂಬುದಕ್ಕೂ ಬರಹವೇ ಇಲ್ಲ ಎಂಬುದಕ್ಕೂ ಬಹಳ ಅಂತರವಿದೆ, ಕನ್ನಡದ ಮಟ್ಟಿಗೆ ಆ ಅಂತರ ಇನ್ನೂ ಹೆಚ್ಚು. ಕನ್ನಡ ಪತ್ರಿಕೆಗಳ ಎಷ್ಟೋ ಹಳೆಯ ಜಾಲಪುಟಗಳು ಯೂನಿಕೋಡ್‌ಗೆ ಮೊದಲಿನ ಫಾಂಟ್‌ಗಳಲ್ಲಿದ್ದವು. ಅಂಥ ಪಠ್ಯ ಹುಡುಕಾಟಕ್ಕೆ ಸಿಗುವುದೇ ಇಲ್ಲ. ಇ-ಪೇಪರ್ ಪುಟಗಳು ಚಿತ್ರಗಳಾಗಿರುತ್ತವೆ. ಮಂಗಳೂರು ಆವೃತ್ತಿಯ ಒಳಪುಟದ ಸುದ್ದಿ ಜಾಲತಾಣಕ್ಕೆ ಏರದೇ ಇರಬಹುದು. ಹೆಸರನ್ನು ಡಿಸೋಜ, ಡಿಸೋಜಾ, ಡಿ'ಸೋಜ ಎಂದು, ಹೆಗ್ಡೆ, ಹೆಗಡೆ ಎಂದು ಬೇರೆ ಬೇರೆಯಾಗಿ ಹಾಕಿ, ಇಂಗ್ಲಿಷ್ ಕಾಗುಣಿತದಲ್ಲೂ ಹುಡುಕಬೇಕು. ಕ್ರೈಸ್ತ ಸಮುದಾಯದ ಅಭ್ಯರ್ಥಿಯಾದರೆ 1938ರಿಂದ ಬರುತ್ತಿರುವ ಕೊಂಕಣಿ ವಾರಪತ್ರಿಕೆ ರಾಕ್ಣೊ ನೋಡಬೇಕು. ಗಡಿ ಭಾಗದವರಾದರೆ ಮಲಯಾಳ ಪತ್ರಿಕೆ, ಮುಂಬಯಿಯಲ್ಲಿ ಹೋಟೆಲ್ ನಡೆಸಿ ಊರಿಗೆ ಬಂದವರಾದರೆ ಅಲ್ಲಿನ ಕನ್ನಡ ದೈನಿಕ ಕರ್ನಾಟಕ ಮಲ್ಲ. ಹಳಬರ ವಿಷಯಕ್ಕೆ ಗ್ರಂಥಾಲಯದ ಬೈಂಡು ಮಾಡಿದ ಸಂಪುಟಗಳೇ ಗತಿ. ಅಲ್ಲಿ ಸಿಕ್ಕ ತುಣುಕಿನ ಫೋಟೊ ತೆಗೆಯುವಾಗ ಪುಟದ ಮೇಲ್ಭಾಗದ ದಿನಾಂಕದ ಪಟ್ಟಿಯೂ ಬರಬೇಕು. ಉಲ್ಲೇಖದಲ್ಲಿ ಪತ್ರಿಕೆಯ ಹೆಸರು, ಆವೃತ್ತಿ, ದಿನಾಂಕ, ಪುಟ ಸಂಖ್ಯೆ ಇದ್ದರೆ ಕೊಂಡಿ ಇಲ್ಲದಿದ್ದರೂ ಅದು ಪೂರ್ಣ ಉಲ್ಲೇಖ.

ಈ ಹುಡುಕಾಟ ಎಲ್ಲರಿಗೂ ಒಂದೇ ಸಮನಾಗಿ ಬೇಕು ಎನ್ನುವುದು ನಮ್ಮ ಹಟ. ಹಣವಿದ್ದ ಅಭ್ಯರ್ಥಿಯ ಪುಟ ಇಪ್ಪತ್ತು ಕೊಂಡಿಗಳ ಸಮೇತ ಬರುತ್ತದೆ. ಕೊರಗ ಸಮುದಾಯದ, ದಲಿತ ಸಂಘಟನೆಯ, ಬೀಡಿ ಕಾರ್ಮಿಕರ ಸಂಘದಿಂದ ಬಂದ ಮಹಿಳೆಯ ಪುಟ ಒಂದೆರಡು ಸಾಲಿನದ್ದು. ಮೊದಲನೆಯದರಲ್ಲಿ ಕೇರಿದರೆ ಉಳಿಯುವುದು ಕಡಿಮೆ. ಎರಡನೆಯದಕ್ಕೆ ಹೋರಾಟದ ವರ್ಷಗಳ ಪತ್ರಿಕೆ ತೆರೆದರೆ ಚುನಾವಣೆಗೆ ಸಂಬಂಧವೇ ಇಲ್ಲದ ಗಟ್ಟಿ ಬರಹ ಸಿಕ್ಕೀತು. ಚುನಾವಣೆಯ ಆರು ವಾರಗಳ ಹೊರಗೆ, ಅದಕ್ಕೆ ವರ್ಷಗಳ ಹಿಂದೆ ಅಥವಾ ಮುಂದೆ ಬಂದ ಬರಹಕ್ಕೇ ಹೆಚ್ಚು ಬೆಲೆ.

ಸೋತವರೆಲ್ಲ ಅನರ್ಹರು ಎಂದುಕೊಂಡವರಿಗೆ ನಾವು ಮಂಗಳೂರಿನ ಉದಾಹರಣೆಯನ್ನೇ ಕೊಡುತ್ತೇವೆ. ಇಲ್ಲೇ ಹುಟ್ಟಿದ ಕಮಲಾದೇವಿ ಚಟ್ಟೋಪಾಧ್ಯಾಯರು 1926ರಲ್ಲಿ ಮದ್ರಾಸ್ ಪ್ರಾಂತದ ಶಾಸನಸಭೆಗೆ ನಿಂತು ಕೆಲವೇ ಮತಗಳಿಂದ ಸೋತರು. ಅವರ ಮುಂದಿನ ಬದುಕನ್ನು ಬದಿಗಿಟ್ಟರೂ, ಶಾಸನಸಭೆಗೆ ಸ್ಪರ್ಧಿಸಿದ ಭಾರತದ ಮೊದಲ ಮಹಿಳೆ ಎಂದು ಆ ಸೋಲಿನ ಬಗ್ಗೆಯೇ ಇತಿಹಾಸಕಾರರು ಬರೆದಿದ್ದಾರೆ. ಕೋಟದ ಶಿವರಾಮ ಕಾರಂತರು 1989ರಲ್ಲಿ ಕೈಗಾ ಅಣುಸ್ಥಾವರದ ವಿರೋಧವನ್ನು ಮುಂದಿಟ್ಟುಕೊಂಡು ಕೆನರಾ ಲೋಕಸಭಾ ಕ್ಷೇತ್ರದಲ್ಲಿ ನಿಂತರು, ಗೆಲ್ಲಲಿಲ್ಲ. ಅವರ ಪುಟದಲ್ಲಿ ಅದು ಒಂದು ಪ್ಯಾರಾ ಮಾತ್ರ, ಪುಟ ನಿಂತಿರುವುದು ಬೇರೆಯದರ ಮೇಲೆ. ಹೊಟ್ಟೆಪಕ್ಷ ರಂಗಸ್ವಾಮಿಯವರು 80ಕ್ಕೂ ಹೆಚ್ಚು ಚುನಾವಣೆಗಳಲ್ಲಿ ನಿಂತು ಸೋತವರು. ಆ ಪಟ್ಟುಹಿಡಿದ ಸ್ಪರ್ಧೆಯೇ ದಾಖಲೆಯಾಗಿ, ಅದರ ಬಗ್ಗೆ ಬೇರೆಯವರು ಬರೆದರು. ಹತ್ತಿರದ್ದೆಂದರೆ 2023ರ ಪುತ್ತೂರು. ಕಾಂಗ್ರೆಸ್‌ನ ಅಶೋಕ್ ಕುಮಾರ್ ರೈ ಗೆದ್ದರು, ಪಕ್ಷೇತರರಾಗಿ ನಿಂತ ಅರುಣ್ ಕುಮಾರ್ ಪುತ್ತಿಲ ಎರಡನೇ ಸ್ಥಾನಕ್ಕೆ ಬಂದು ಬಿಜೆಪಿಯ ಅಧಿಕೃತ ಅಭ್ಯರ್ಥಿ ಮೂರನೆಯವರಾದರು. ಏಕೆ ಹೀಗಾಯಿತು ಎಂಬ ವಿಶ್ಲೇಷಣೆ ಜಿಲ್ಲೆಯ ಹೊರಗಿನ ಪತ್ರಿಕೆಗಳಲ್ಲೂ ಬಂತು. ಇಂಥ ಕಡೆ ಪ್ರಶ್ನೆ ಬೇರೆ: ಆ ಬರಹ ಚುನಾವಣೆಯ ಬಗ್ಗೆಯೋ, ವ್ಯಕ್ತಿಯ ಬಗ್ಗೆಯೋ? ಚುನಾವಣೆಯ ಬಗ್ಗೆ ಮಾತ್ರ ಇದ್ದರೆ ಅದರ ಜಾಗ ಕ್ಷೇತ್ರದ ಪುಟ. ವ್ಯಕ್ತಿಯ ಹಿನ್ನೆಲೆ, ಸಂಘಟನೆ, ನಂತರದ ನಡೆ ಇವನ್ನೆಲ್ಲ ಬೇರೆ ಬೇರೆ ಕಾಲದಲ್ಲಿ ಪತ್ರಿಕೆಗಳು ಹಿಂಬಾಲಿಸಿದ್ದರೆ ಪ್ರತ್ಯೇಕ ಪುಟಕ್ಕೆ ನೆಲೆ ಇದೆ.

ಚರ್ಚೆ ನಡೆಸುವಲ್ಲಿ ಕನ್ನಡ ವಿಕಿಪೀಡಿಯಕ್ಕೂ ಇಂಗ್ಲಿಷಿಗೂ ವ್ಯತ್ಯಾಸವಿದೆ. ಇಂಗ್ಲಿಷಿನಲ್ಲಿ ಅಳಿಸುವ ಚರ್ಚೆ ಸಾಮಾನ್ಯವಾಗಿ 7 ದಿನ ತೆರೆದಿರುತ್ತದೆ, ಅಭಿಪ್ರಾಯ ಸಾಲದಿದ್ದರೆ ಮುಂದುವರಿಸುತ್ತಾರೆ. ನಮ್ಮಲ್ಲಿ ಸಮುದಾಯ ಚಿಕ್ಕದು. ಲೇಖನದ ಚರ್ಚೆ ಪುಟದಲ್ಲೋ, ಸಮುದಾಯದ ಸಾಮಾನ್ಯ ಚರ್ಚೆಯ ಪುಟವಾದ ಅರಳಿ ಕಟ್ಟೆಯಲ್ಲೋ ನಾಲ್ಕೈದು ಮಂದಿ ಮಾತಾಡಿದರೆ ಅದೇ ದೊಡ್ಡದು. ಹಾಗಾಗಿ ಮೊದಲ ಟಿಪ್ಪಣಿ ಬರೆಯುವವರ ಹೊಣೆ ಹೆಚ್ಚು. 'ಗಮನಾರ್ಹರಲ್ಲ, ಅಳಿಸಿ' ಎಂದು ಬರೆದು ಹೋಗುವುದು ಕೆಲಸಕ್ಕೆ ಬಾರದು. ಯಾವ ಉಲ್ಲೇಖ ಏಕೆ ಸಾಲದು, ಎಲ್ಲೆಲ್ಲಿ ಹುಡುಕಿದ್ದೇವೆ, ಏನು ಸಿಕ್ಕಿತು ಎಂದು ಉಲ್ಲೇಖದ ಸಂಖ್ಯೆ ಹಿಡಿದು ಬರೆಯಬೇಕು. ಪುಟ ಬರೆದವರ ಚರ್ಚೆ ಪುಟಕ್ಕೂ ಸೂಚನೆ ಹಾಕಬೇಕು. ಅಭ್ಯರ್ಥಿಯ ಅಭಿಮಾನಿಗಳು ಹೊಸ ಖಾತೆ ತೆರೆದು 'ಉಳಿಸಿ, ಉಳಿಸಿ' ಎಂದು ಸಾಲುಗಟ್ಟಿದರೆ ಎಣಿಸಬೇಕಿಲ್ಲ, ಇದು ಮತದಾನವಲ್ಲ. ಅವರಲ್ಲೊಬ್ಬರು ಒಂದು ಒಳ್ಳೆಯ ತುಣುಕು ತಂದರೆ ಅದು ಹತ್ತು 'ಅಳಿಸಿ'ಗಳನ್ನು ಮೀರುತ್ತದೆ. ಹಣ ಪಡೆದು ಬರೆಯುವವರು ಅದನ್ನು ಬಹಿರಂಗವಾಗಿ ಹೇಳಬೇಕು ಎಂಬುದು ಬಳಕೆಯ ಷರತ್ತಿನಲ್ಲೇ ಇದೆ, ಅದನ್ನು ವಿನಯದಿಂದ ಒಮ್ಮೆ ತಿಳಿಸಿ. ಫೋಟೊ ಕೂಡ ನೋಡಿ: ಪಕ್ಷದ ಪೋಸ್ಟರ್‌ನಿಂದ ಕತ್ತರಿಸಿದ ಚಿತ್ರವನ್ನು 'ಸ್ವಂತ ಕೆಲಸ' ಎಂದು ವಿಕಿಪೀಡಿಯದ ಚಿತ್ರಗಳಿರುವ ತಾಣ ಕಾಮನ್ಸ್‌ಗೆ ಏರಿಸಿರುತ್ತಾರೆ. ಅಂಚಿನಲ್ಲಿ ಚಿಹ್ನೆಯ ತುದಿ, ಹಿಂದೆ ಕೇಸರಿ, ಹಸಿರು ಬಳಿದ ಹಿನ್ನೆಲೆ ಕಂಡರೆ ಅಲ್ಲಿ ಹಕ್ಕುಸ್ವಾಮ್ಯದ ದೂರು ಹಾಕಬೇಕು.

ನಿಷ್ಪಕ್ಷಪಾತಕ್ಕೆ ಒಂದು ಸಣ್ಣ ಪರೀಕ್ಷೆ ನಮಗೆ ತುಂಬ ನೆರವಾಗಿದೆ. ತೀರ್ಮಾನ ಬರೆಯುವ ಮೊದಲು ಅದೇ ಕ್ಷೇತ್ರದಲ್ಲಿ, ಸುಮಾರು ಅಷ್ಟೇ ಮತ ಪಡೆದು ಸೋತ ಬೇರೆ ಪಕ್ಷದವರ ಪುಟ ಇದೆಯೇ ಎಂದು ನೋಡುವುದು. ಇದ್ದರೆ ಅದನ್ನೂ ಇದೇ ಕ್ರಮದಲ್ಲಿ ಪರಿಶೀಲಿಸಿ, ಎರಡನ್ನೂ ಒಟ್ಟಿಗೆ ಚರ್ಚೆಗೆ ಇಡಬೇಕು.

ಹೆಚ್ಚಿನ ಸಂದರ್ಭದಲ್ಲಿ ನಾವು ಒಪ್ಪುವುದು ಪುನರ್ನಿರ್ದೇಶನಕ್ಕೆ. ಹೆಸರು ಹುಡುಕಿದವರು ವಿಧಾನಸಭಾ ಕ್ಷೇತ್ರದ ಪುಟದಲ್ಲಿ ಆ ವರ್ಷದ ಫಲಿತಾಂಶದ ಕೋಷ್ಟಕಕ್ಕೆ ತಲುಪುತ್ತಾರೆ. ಹಳೆಯ ಪಠ್ಯ ಇತಿಹಾಸದಲ್ಲಿ ಉಳಿದಿರುತ್ತದೆ, ಮುಂದೆ ಗೆದ್ದರೆ ಅಲ್ಲಿಂದಲೇ ಎತ್ತಬಹುದು. ಉಲ್ಲೇಖವೇ ಇಲ್ಲದ, ಬರೀ ಪ್ರಚಾರದ ಪುಟವಾದರೆ ಅಳಿಸುವುದೇ ಸರಿ, ಅದಕ್ಕೆ ಫಲಿತಾಂಶದವರೆಗೆ ಕಾಯಬಾರದು. ಕಾದರೆ ಅಷ್ಟು ದಿನವೂ ಅದು ಕರಪತ್ರದ ಕೆಲಸ ಮಾಡುತ್ತಿರುತ್ತದೆ.

ಪುನರ್ನಿರ್ದೇಶನ ಮಾಡಿದ ಮೇಲೂ ಕೆಲಸ ಉಳಿದಿದೆ. ಕೋಷ್ಟಕಕ್ಕೆ ಮತಗಳ ಸಂಖ್ಯೆಯನ್ನು ಎಣಿಕೆಯ ದಿನದ ಸುದ್ದಿಯಿಂದ ಹಾಕಬೇಡಿ. ಕೊನೆಯ ಸುತ್ತಿನ ಮೊದಲಿನ ಅಂಕಿಯೋ, ಅಂಚೆ ಮತ ಸೇರದ್ದೋ ಆಗಿರಬಹುದು. ಮತಗಟ್ಟೆವಾರು ಲೆಕ್ಕವಿರುವ ನಮೂನೆ 20 ಅಥವಾ ಆಯೋಗದ ಅಂಕಿ ಅಂಶ ವರದಿ ಬಳಸಿ. ಆ ಹೆಸರಿಗೆ ಬೇರೆ ಪುಟಗಳಿಂದ ಇರುವ ಕೊಂಡಿಗಳನ್ನು ತೆರೆದು ನೋಡಿ, ಅದೇ ಹೆಸರಿನ ಕಲಾವಿದರಿಗೋ ಶಿಕ್ಷಕರಿಗೋ ಹೋಗಬೇಕಾದ ಕೊಂಡಿ ಇಲ್ಲಿಗೆ ಬರುತ್ತಿದ್ದರೆ ಬಿಡಿಸಿ. ವರ್ಗಗಳನ್ನು ತೆಗೆಯಿರಿ. ವಿಕಿಪೀಡಿಯದ ಜೊತೆಗಿರುವ ದತ್ತಾಂಶ ತಾಣ ವಿಕಿಡೇಟಾದ ನಿಯಮ ಸಡಿಲ: ಚುನಾವಣಾ ಆಯೋಗದ ದಾಖಲೆಯಷ್ಟೇ ಇದ್ದರೂ ಅಲ್ಲಿ ಅಭ್ಯರ್ಥಿಗೊಂದು ಅಂಶ, ಅಂದರೆ ದಾಖಲೆ ಪುಟ, ಇರಬಹುದು. ಅಲ್ಲಿನ ಪಿ3602 ಎಂಬ ಕಲಮಿನಲ್ಲಿ ಯಾವ ಚುನಾವಣೆ ಎಂದು, ಪಿ1111ರಲ್ಲಿ ಪಡೆದ ಮತ ಎಷ್ಟು ಎಂದು ತುಂಬಿ, ಮೂಲವಾಗಿ ಆಯೋಗದ ವರದಿಯನ್ನೇ ಕೊಡಿ.